ಎಪ್ಪತ್ತರ ಅಮ್ಮನಿಗೆ ಬೆಂಗಳೂರಿನ ಮೇಲೆ ಹೆಲಿಕಾಪ್ಟರ್ ಸುತ್ತು: ಮಂಡಿನೋವು ಇರುವವರು ಹತ್ತಬಹುದಾ?

ಮುರುಗೇಶಪಾಳ್ಯದವನು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ವಿಚಿತ್ರ ಪ್ರಶ್ನೆ, ನಗಬೇಡಿ.

ಮುಂದಿನ ತಿಂಗಳು ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಏನು ಬೇಕು ಅಂತ ಕೇಳಿದೆ. ರೇಷ್ಮೆ ಸೀರೆ ಅನ್ನುತ್ತಾರೆ ಅಂದುಕೊಂಡಿದ್ದೆ. "ಒಂದು ಸಲ ಹೆಲಿಕಾಪ್ಟರ್ ಹತ್ತಿಸೋ" ಅಂದುಬಿಟ್ಟರು.

ನಮ್ಮ ಮನೆ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಹಾಗೇ ಇದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಯ ಹೊಸ ಏರ್‌ಪೋರ್ಟ್ ಕಡೆಗೆ ಹೋದವು. ಅವುಗಳ ಸದ್ದು ಹೋಯಿತು, ಹೆಲಿಕಾಪ್ಟರ್ ಸದ್ದು ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಅವು ಏಳುವ ಹೊತ್ತಿಗೆ ಸರಿಯಾಗಿ ಅಮ್ಮ ಬೇಳೆ ಇಟ್ಟಿರುತ್ತಾರೆ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ತಪ್ಪುತ್ತದೆ. "ಮೂವತ್ತು ವರ್ಷದಿಂದ ಇವು ನನ್ನ ತಾರಸಿ ನೋಡ್ಕೊಂಡು ಹೋಗ್ತಿವೆ. ನಾನು ಒಣಹಾಕಿದ ಹಪ್ಪಳ ಮೇಲಿಂದ ಕಾಣುತ್ತೋ ಇಲ್ವೋ, ನಾನೇ ಹೋಗಿ ನೋಡ್ಬೇಕು" ಅನ್ನುವುದು ಅವರ ವಾದ.

ಒಂದು ಸಲ ಪ್ರಯತ್ನ ಮಾಡಿ ಆಯಿತು. ಒಬ್ಬ ಏಜೆಂಟ್ ಪೂರ್ತಿ ದುಡ್ಡು ತಗೊಂಡು, ಹಿಂದಿನ ರಾತ್ರಿ "ಪರ್ಮಿಷನ್ ಬಂದಿಲ್ಲ ಸರ್" ಅಂದ. ದುಡ್ಡು ವಾಪಸ್ ಬರಲು ಮೂರು ವಾರ. ಅಮ್ಮ ಆಗಲೇ ಪಕ್ಕದ ಮನೆಯವರಿಗೆಲ್ಲ ಹೇಳಿಯಾಗಿತ್ತು.

ಅಮ್ಮನಿಗೆ ಮಂಡಿನೋವು, ಬಿಪಿ ಮಾತ್ರೆ ನಡೆಯುತ್ತಿದೆ, ತೂಕ 74 ಕೆಜಿ. ಹತ್ತಿ ಇಳಿಯಲು ಆಗುತ್ತದಾ? ಎಲ್ಲಿಂದ ಹೋಗುವುದು ಒಳ್ಳೆಯದು? ನಮ್ಮ ಮನೆ ಕಾಣುತ್ತದಾ? ಇನ್ನೊಂದು ವಿಷಯ, ಜೊತೆಗೆ ಹೋಗಬೇಕಾದವನು ನಾನು. ಜಾತ್ರೆಯಲ್ಲಿ ಜೈಂಟ್ ವೀಲ್ ಹತ್ತಿದರೂ ಕಣ್ಣು ಮುಚ್ಚಿಕೊಳ್ಳುವ ಗಿರಾಕಿ.

ಹೆಬ್ಬಾಳದ ಆಂಟಿ:

ನಗುವುದೇನು ಬಂತು, ನಿಮ್ಮ ಅಮ್ಮನಿಗೆ ಒಂದು ನಮಸ್ಕಾರ ಹೇಳಿ.

ನಾವು ಮದುವೆಯಾಗಿ 25 ವರ್ಷ ಆದಾಗ ಜಕ್ಕೂರಿನ ಚಿಕ್ಕ ವಿಮಾನ ನಿಲ್ದಾಣದಿಂದ ಹೋಗಿದ್ದೆವು. ನಿಮಗೂ ಅದೇ ಸರಿ. ಬಳ್ಳಾರಿ ರಸ್ತೆಯಲ್ಲೇ ಸಿಗುತ್ತದೆ, ದೊಡ್ಡ ಏರ್‌ಪೋರ್ಟಿನ ಕ್ಯೂ ಗೋಜಲು ಇಲ್ಲ. ಸರ್ಕಾರಿ ವಿಮಾನ ತರಬೇತಿ ಶಾಲೆ ಇರುವುದೂ ಅಲ್ಲೇ.

ಮೊದಲು ತೂಕ ಹಾಕುತ್ತಾರೆ, ವ್ಯಾನಿಟಿ ಬ್ಯಾಗ್ ಸಮೇತ. ಎಲ್ಲರ ಎದುರಿಗೇ! ನಮ್ಮೆಜಮಾನರು ಅವತ್ತು ಬೆಲ್ಟನ್ನೂ ಬಿಚ್ಚಿಟ್ಟು ನಿಂತರು. ಯಾರು ಎಲ್ಲಿ ಕೂರಬೇಕು ಅನ್ನುವುದು ಆ ತೂಕದ ಮೇಲೆ. ನನಗೆ ಮುಂದಿನ ಸೀಟ್ ಸಿಕ್ಕಿತು, ಅವರಿಗೆ ಹಿಂದೆ. ಇವತ್ತಿಗೂ ಆ ಮಾತು ಬಂದರೆ ಮುಖ ಊದಿಸಿಕೊಳ್ಳುತ್ತಾರೆ.

ಅಮ್ಮ ಸೀರೆ ಉಟ್ಟರೆ ಸೆರಗಿಗೆ ಎರಡು ಪಿನ್ ಜಾಸ್ತಿ ಹಾಕಿಸಿ. ಮಲ್ಲಿಗೆ ಮುಡಿಯುವುದು ಬೇಡ. ರೆಕ್ಕೆಯ ಗಾಳಿಗೆ ನನ್ನ ಒಂದು ಮೊಳ ಹೂವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೇಲೆ ಹೋದ ಮೇಲೆ ಭಯ ಆಗುವುದಿಲ್ಲ, ನಿಜವಾಗಿಯೂ. ಜೈಂಟ್ ವೀಲಿನಲ್ಲಿ ಹೊಟ್ಟೆ ಕಳಚಿ ಬೀಳುವ ಹಾಗಾಗುತ್ತದಲ್ಲ, ಅದು ಇಲ್ಲಿಲ್ಲ. ನೆಲವೇ ಮೆಲ್ಲಗೆ ಕೆಳಗೆ ಜಾರಿದ ಹಾಗೆ. ಮೊದಲು ಜಕ್ಕೂರು ಕೆರೆ, ಆಮೇಲೆ ರಾಚೇನಹಳ್ಳಿ ಕೆರೆ. ಹೆಬ್ಬಾಳದ ಫ್ಲೈಓವರ್ ಮೇಲಿಂದ ನೋಡಿದರೆ ಯಾರೋ ಚಕ್ಕುಲಿ ಒತ್ತಿ ಅರ್ಧಕ್ಕೆ ಬಿಟ್ಟ ಹಾಗಿದೆ. ನಾನು ಮೇಖ್ರಿ ಸರ್ಕಲ್ ಪಕ್ಕದ ಕೆಂಪೇಗೌಡರ ಗೋಪುರ ಹುಡುಕುತ್ತಿದ್ದೆ. ಸಿಗಲಿಲ್ಲ. ಬರೀ ಮರ. ಊರು ಇಲ್ಲಿಗೆ ಮುಗಿಯಿತು ಅಂತ ಆ ಕಾಲದಲ್ಲಿ ಗುರುತಿಗೆ ಕಟ್ಟಿದರು ಅನ್ನುತ್ತಾರೆ. ಮೇಲಿಂದ ನೋಡಿದರೆ ಯಾವ ಕಡೆಗೂ ಊರು ಮುಗಿಯುವುದೇ ಇಲ್ಲ.

ವಿಧಾನಸೌಧ ದೂರದಲ್ಲಿ ಕಂಡಿತು, ಸಕ್ಕರೆ ಅಚ್ಚಿನಷ್ಟು. ಅದರ ನೆತ್ತಿ ಮೇಲೆ ಹೋಗುತ್ತೇವೆ ಅಂದುಕೊಳ್ಳಬೇಡಿ. ನಮ್ಮನ್ನಂತೂ ಕರೆದುಕೊಂಡು ಹೋಗಲಿಲ್ಲ. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಅದರಲ್ಲಿ ನಾಲ್ಕು ನಿಮಿಷ ನಾನು ಫೋನ್ ಪರದೆ ನೋಡುತ್ತಾ ಕಳೆದೆ, ಆ ಬೇಜಾರು ಇನ್ನೂ ಇದೆ. ನೀವು ವಿಡಿಯೋ ತೆಗೆಯಿರಿ, ಅಮ್ಮ ಸುಮ್ನೆ ನೋಡಲಿ.

ನಿವೃತ್ತ ಫಿಟ್ಟರ್:

ತಮ್ಮಾ, ನಿಮ್ಮ ತಾಯಿಯವರ ಕುಕ್ಕರ್ ಲೆಕ್ಕ ತಪ್ಪಿಸಿದವರಲ್ಲಿ ನಾನೂ ಒಬ್ಬ. ಕ್ಷಮಿಸಿ ಅಂತ ಹೇಳಿ. ಈಗ ಧ್ರುವ್ ಅನ್ನುತ್ತಾರಲ್ಲ, ನಮ್ಮ ಎಚ್‌ಎಎಲ್‌ನಲ್ಲೇ ಮಾಡಿದ ಹೆಲಿಕಾಪ್ಟರ್, ಅದು ಮೊದಲ ಸಲ ಹಾರಿದ್ದು 1992ರ ಆಗಸ್ಟ್ 20ರಂದು. ಅವತ್ತು ನಾನು ಹ್ಯಾಂಗರ್ ಬಾಗಿಲಲ್ಲಿ ನಿಂತಿದ್ದೆ.

ಮನೆ ಕಾಣುವ ಆಸೆ ಬಿಡಿ. ಈ ಊರಿನಲ್ಲಿ ಎಚ್‌ಎಎಲ್ ಒಂದು, ಯಲಹಂಕದಲ್ಲಿ ವಾಯುಪಡೆಯದು ಒಂದು, ದೇವನಹಳ್ಳಿ ಒಂದು, ನಡುವೆ ಜಕ್ಕೂರು. ನಾಲ್ಕೂ ಒಂದರ ಮಗ್ಗುಲಲ್ಲಿ ಒಂದು. ಜಕ್ಕೂರಿನಿಂದ ಎದ್ದವನು ತನ್ನಿಷ್ಟಕ್ಕೆ ತಿರುಗುವ ಹಾಗಿಲ್ಲ. ವಿಮಾನ ಸಂಚಾರ ನೋಡಿಕೊಳ್ಳುವ ಕಂಟ್ರೋಲ್‌ನವರು ಒಪ್ಪಿದ ದಾರಿ, ಒಪ್ಪಿದ ಎತ್ತರ, ಅಷ್ಟೇ. "ಪರ್ಮಿಷನ್ ಬಂದಿಲ್ಲ" ಅನ್ನುವುದು ಕೆಲವು ಸಲ ನಿಜವೂ ಇರುತ್ತದೆ. ದುಡ್ಡು ಹಿಡಿದಿಟ್ಟುಕೊಂಡಿದ್ದು ಬೇರೆ ಮಾತು. ಈ ಸಲ ಏಜೆಂಟ್ ಬೇಡ, ಹಾರಿಸುವ ಕಂಪನಿಯನ್ನೇ ನೇರವಾಗಿ ಹಿಡಿಯಿರಿ. ಕೇಂದ್ರದ ವಿಮಾನಯಾನ ಇಲಾಖೆ ಡಿಜಿಸಿಎ ಕೊಡುವ ನಾನ್ ಷೆಡ್ಯೂಲ್ಡ್ ಪರ್ಮಿಟ್, ಅಂದರೆ ವೇಳಾಪಟ್ಟಿ ಇಲ್ಲದೆ ಬಾಡಿಗೆಗೆ ಹಾರಿಸುವ ಅನುಮತಿ, ಇದೆಯಾ ಅಂತ ಕೇಳಿ. ಹಾರಾಟ ರದ್ದಾದರೆ ದುಡ್ಡು ಯಾವಾಗ ಬರುತ್ತದೆ ಅಂತ ಬರೆಸಿಕೊಳ್ಳಿ. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ವಾರ ಆ ಕಡೆ ತಲೆ ಹಾಕಲೇಬೇಡಿ.

ಬೆಳಗಿನ ಹೊತ್ತು ಕೇಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಮೊದಲೇ ತೆಳು. ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ರೆಕ್ಕೆಗೆ ಹಿಡಿತ ಕಡಿಮೆ, ಒಳಗೆ ಕೂತವರಿಗೆ ಕುಲುಕಾಟ ಜಾಸ್ತಿ. ತೂಕ ಅಷ್ಟು ಲೆಕ್ಕ ಹಾಕುವುದೂ ಇದಕ್ಕೇ. ಡಿಸೆಂಬರ್, ಜನವರಿಯಾದರೆ ಮಂಜು ಕರಗುವ ತನಕ ಕಾಯಬೇಕಾಗಬಹುದು. ಅಮ್ಮನಿಗೆ ತಿಂಡಿ ಮಾಡಿಸಿಕೊಂಡೇ ಹೋಗಿ.

ನಿಮ್ಮ ಭಯಕ್ಕೆ ಒಂದು ಮಾತು. ಇಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುವುದಿಲ್ಲ. ಕೆಳಗಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತದೆ. ಮಹಾಗನಿ ಬೀಜ ಗಿರಗಿರ ಅಂತ ಇಳಿಯುವುದನ್ನು ನೋಡಿದ್ದೀರಲ್ಲ, ಹಾಗೆ. ಪೈಲಟ್‌ಗೆ ಅದನ್ನು ಕಲಿಸಿಯೇ ಲೈಸೆನ್ಸ್ ಕೊಡುವುದು. ನಿಜವಾಗಿ ಹೆದರಬೇಕಾದ್ದು ನೆಲದ ಮೇಲೆ. ಬಾಲದ ಕಡೆಗೆ ಯಾವತ್ತೂ ಹೋಗಬೇಡಿ. ಅಲ್ಲಿನ ಚಿಕ್ಕ ರೆಕ್ಕೆ ತಿರುಗುವಾಗ ಕಣ್ಣಿಗೇ ಬೀಳುವುದಿಲ್ಲ. ಮುಂದಿನಿಂದ, ಪೈಲಟ್‌ಗೆ ಕಾಣುವ ಹಾಗೆ, ಸಿಬ್ಬಂದಿ ಕೈ ಹಿಡಿದು ಕರೆದಾಗ ಮಾತ್ರ.

ಮಂಡಿ ವಿಚಾರ: ಮೆಟ್ಟಿಲು ಒಂದೇ, ಆದರೆ ಎತ್ತರ. ಪುಟ್ಟ ಸ್ಟೂಲ್ ಬೇಕು, ರೆಕ್ಕೆ ನಿಂತಿರುವಾಗಲೇ ಹತ್ತಿಸಿ ಅಂತ ಮೊದಲೇ ಹೇಳಿಡಿ. ಬಿಪಿಗೆ ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಬಿಡುವಾದರೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಅವರನ್ನು ಕರೆದುಕೊಂಡು ಹೋಗಿ. ಹತ್ತಿರದಿಂದ ನೋಡಿದರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ.

ಲೆಕ್ಕದ ಮನುಷ್ಯ:

ಹತ್ತೇ ನಿಮಿಷದ ಸುತ್ತಿಗೆ ದುಡ್ಡು ಸುರಿಯುವುದಾ? 2018ರ ಮಾರ್ಚ್‌ನಲ್ಲಿ ದೇವನಹಳ್ಳಿ ಏರ್‌ಪೋರ್ಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಶುರು ಮಾಡಿದಾಗ 3,500 ರೂಪಾಯಿ, ಮೇಲೆ ಜಿಎಸ್‌ಟಿ. ಕಾಲು ಗಂಟೆಯ ಹಾದಿ. ಊರಿಡೀ ಮೇಲಿಂದ ನೋಡಿದ ಹಾಗೂ ಆಗುತ್ತಿತ್ತು, ಊರು ಸೇರಿದ ಹಾಗೂ ಆಗುತ್ತಿತ್ತು. ಈಗಾದರೆ ದಸರಾ ತನಕ ಕಾದು ಮೈಸೂರಿಗೆ ಹೋಗಿ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡಿನಿಂದ ದಸರೆಯಲ್ಲಿ ಎಷ್ಟೋ ಸಲ ಹೆಲಿರೈಡ್ ಇಟ್ಟಿದ್ದಾರೆ. ಅರಮನೆಯೂ ಆಯಿತು, ಚಾಮುಂಡಿ ಬೆಟ್ಟವೂ ಆಯಿತು.

ಮುರುಗೇಶಪಾಳ್ಯದವನು:

ಲೆಕ್ಕದ ಮನುಷ್ಯರೇ, ಮೈಸೂರು ಅಂತ ಬಾಯಿ ಬಿಟ್ಟೆ. "ಅರಮನೆ ತಾರಸಿ ಮೇಲೆ ಯಾರು ಹಪ್ಪಳ ಹಾಕ್ತಾರೋ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹೋಗಿಬಂದೆವು, ಜಕ್ಕೂರಿನಿಂದಲೇ. ಆಂಟಿ, ಎರಡಲ್ಲ, ನಾಲ್ಕು ಪಿನ್. ಸ್ಟೂಲ್ ಮೊದಲೇ ಹೇಳಿದ್ದಕ್ಕೆ ತಂದಿಟ್ಟಿದ್ದರು, ಆದರೂ ಇಬ್ಬರು ಕೈ ಕೊಡಬೇಕಾಯಿತು. ಮುಂದಿನ ಸೀಟ್ ಅಮ್ಮನಿಗೇ ಸಿಕ್ಕಿತು. ನಾನು ಮೊದಲ ಎರಡು ನಿಮಿಷ ಪೈಲಟ್‌ನ ಬೆನ್ನು ನೋಡಿಕೊಂಡು ಕೂತಿದ್ದೆ. ಆಮೇಲೆ ಹೆಡ್‌ಸೆಟ್ಟಿನಲ್ಲಿ ಅಮ್ಮನ ಧ್ವನಿ, "ಲೋ, ಕೆಳಗೆ ನೋಡೋ, ಎಲ್ಲರ ಮನೆ ಮೇಲೂ ಅದೇ ಕಪ್ಪು ಟ್ಯಾಂಕು." ನೋಡಿದೆ. ಹೌದು, ಸಾಸಿವೆ ಚೆಲ್ಲಿದ ಹಾಗೆ. ಆಮೇಲೆ ಕಣ್ಣು ಮುಚ್ಚಲಿಲ್ಲ.

ನಮ್ಮ ಮನೆ ಕಾಣಲಿಲ್ಲ. ಫಿಟ್ಟರ್ ಸರ್ ಹೇಳಿದ ಹಾಗೆ ಪೈಲಟ್ "ಆ ಕಡೆ ಆಗಲ್ಲಮ್ಮ" ಅಂದರು. ಅಮ್ಮ ತಕರಾರು ಮಾಡಲಿಲ್ಲ. ಪೂರ್ತಿ ಹತ್ತು ನಿಮಿಷ ಬೇರೆಯವರ ತಾರಸಿಗಳನ್ನೇ ನೋಡಿದರು. ಕೆರೆ ತೋರಿಸಿದರೆ "ಹೂಂ" ಅಂದು ಮತ್ತೆ ತಾರಸಿ. ಇಳಿದ ಮೇಲೆ ಹೇಳಿದ್ದು ಇಷ್ಟೇ: "ಹಪ್ಪಳ ಕಾಣಲ್ಲ ಕಣೋ. ಬಟ್ಟೆ ಬಣ್ಣದ್ದಾದ್ರೆ ಮಾತ್ರ ಕಾಣುತ್ತೆ."

ಮರುದಿನ ತಾರಸಿಗೆ ಹೋದರೆ, ಹಪ್ಪಳದ ಕೆಳಗೆ ಯಾವಾಗಲೂ ಹಾಸುವ ಬಿಳಿ ಪಂಚೆ ಇಲ್ಲ. ನನ್ನ ಕೆಂಪು ಬೆಡ್‌ಶೀಟ್ ಹಾಸಿದ್ದರು.