ಬೇಡದ ಯೋಚನೆ ತಳ್ಳಿದಷ್ಟೂ ಬರುತ್ತಿದೆ, ಯಾರಿಗಾದರೂ ಹೀಗಾಗಿದೆಯಾ?

ಪ್ರಶ್ನೆ: ಬಾಣಂತನದಲ್ಲಿದ್ದೇನೆ. ಮಗುವನ್ನು ಎತ್ತಿಕೊಂಡು ಬಾಲ್ಕನಿ ಕಡೆ ಹೋದರೆ ಸಾಕು, ‘ಕೈಬಿಟ್ಟುಬಿಟ್ಟರೆ?’ ಅನ್ನಿಸುತ್ತದೆ. ದೇವರ ನಾಮ ಹೇಳಿ ಓಡಿಸಿದರೂ ಮತ್ತೆ ಬರುತ್ತದೆ. ಮನೆಯಲ್ಲಿ ಹೇಳಲು ಭಯ. ಏನು ಮಾಡಲಿ?

ಉತ್ತರ: ನನಗೂ ಆಗಿತ್ತು. ಬಾಲ್ಕನಿ ಅಲ್ಲ, ಈಳಿಗೆ ಮಣೆ. ಮಗು ಪಕ್ಕದಲ್ಲಿ ಚಾಪೆ ಮೇಲೆ ಮಲಗಿದ್ದರೆ ಹುರುಳಿಕಾಯಿ ಹೆಚ್ಚುವುದಕ್ಕೇ ಆಗುತ್ತಿರಲಿಲ್ಲ. ಕೈ ನೋವು ಅಂತ ಹೇಳಿ ಎದ್ದುಬಿಡುತ್ತಿದ್ದೆ.

ಕೌನ್ಸೆಲರ್ ಒಂದು ಪ್ರಯೋಗದ ಬಗ್ಗೆ ಹೇಳಿದರು. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ, ‘5 ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ. ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ‘ಈಗ ನೆನೆಯಿರಿ’ ಅಂದಾಗ, ಮೊದಲಿಂದಲೇ ನೆನೆಯಲು ಹೇಳಿದ್ದ ಇನ್ನೊಂದು ಗುಂಪಿನವರಿಗಿಂತ ತಡೆದುಕೊಂಡಿದ್ದವರಿಗೇ ಕರಡಿ ಜಾಸ್ತಿ ಬಂತು. ವೆಗ್ನರ್ ಕೊಟ್ಟ ಕಾರಣ ಇದು: ಯೋಚನೆ ಬಂತಾ ಅಂತ ನೋಡಲು ಮನಸ್ಸಿನ ಒಂದು ಭಾಗ ಅದನ್ನೇ ಹುಡುಕುತ್ತಿರುತ್ತದೆ. ತಲೆಗೆ ಹೊರೆ ಜಾಸ್ತಿಯಾದಾಗ ಗಮನ ಬೇರೆಡೆ ತಿರುಗಿಸುವ ಶಕ್ತಿ ಕುಗ್ಗುತ್ತದೆ, ಹುಡುಕಾಟ ಮಾತ್ರ ನಿಲ್ಲುವುದಿಲ್ಲ. ಹಸುಗೂಸು ಇರುವ ಮನೆಯಲ್ಲಿ ತಲೆಗೆ ಬಿಡುವೆಲ್ಲಿ ಅಲ್ವಾ?

ನಾನು ಕಲಿತದ್ದು: ‘ಬಂತು, ಅದೇ ಈಳಿಗೆ ಯೋಚನೆ’ ಅಂತ ಮನಸ್ಸಲ್ಲೇ ಅಂದುಕೊಂಡು ಹೆಚ್ಚುತ್ತಾ ಹೋಗುವುದು. ಅದರ ಜೊತೆ ವಾದ ಬೇಡ. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಬರಬರುತ್ತಾ ಅದರ ಕಸುವು ಇಳಿಯಿತು. ಈಗಲೂ ಒಮ್ಮೊಮ್ಮೆ ಬರುತ್ತದೆ, ಬಂದು ಹೋಗುತ್ತದೆ.

ಇನ್ನೊಬ್ಬರು: ದೇವರ ನಾಮ ಬಿಡಬೇಡಿ, ಭಕ್ತಿಯಿಂದ ಹೇಳಿ. ಯೋಚನೆ ಓಡಿಸುವುದಕ್ಕೆ ಮಾತ್ರ ಬೇಡ. ನನ್ನ ತಮ್ಮನಿಗೆ ಒಸಿಡಿ (ಬೇಡದ ಯೋಚನೆ ಕಾಡುವ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ) ಇತ್ತು. ಕೆಟ್ಟ ಯೋಚನೆ ಬಂದಾಗಲೆಲ್ಲ ಸ್ತೋತ್ರ, ತಪ್ಪಿದರೆ ಮತ್ತೆ ಮೊದಲಿಂದ. ಚಿಕಿತ್ಸೆಯಲ್ಲಿ ಮೊದಲು ಬಿಡಿಸಿದ್ದೇ ಅದನ್ನು.

ಮತ್ತೊಬ್ಬರು (ನರ್ಸ್): ಇಂಥ ಯೋಚನೆ ಹೊಸ ತಾಯಂದಿರಲ್ಲಿ ತುಂಬಾ ಸಾಮಾನ್ಯ. ಯೋಚನೆ ಕಂಡು ನೀವು ಹೆದರುತ್ತಿದ್ದೀರಿ ಅಂದರೆ ಅದು ನಿಮ್ಮ ಆಸೆ ಅಲ್ಲ. ಆದರೂ ಡಾಕ್ಟರ್ ಹತ್ತಿರ ಹೇಳಿಕೊಳ್ಳಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಯಾರೋ ಮಾತಾಡಿದಂತೆ ಕೇಳಿಸಿದರೆ, ಯೋಚನೆಯಲ್ಲಿ ಬಂದದ್ದನ್ನು ಮಾಡುವುದೇ ಸರಿ ಅನ್ನಿಸಿದರೆ, ನಿದ್ದೆಯೇ ಬೇಡ ಅನ್ನಿಸಿದರೆ ಮಾತ್ರ ಕಾಯಬೇಡಿ. ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡ್ ಇದೆ. ಸುಮ್ನೆ ಮಾತಾಡಬೇಕು ಅನ್ನಿಸಿದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.