ಜಿಂಕೆ ಲೆಕ್ಕ ತಪ್ಪುತ್ತಿದೆ, ಒಂದೇ ತಿಂಗಳಲ್ಲಿ 9 ಹೆಣ್ಣು ಮಾಯ. ಯಾರಾದ್ರೂ ನೋಡಿ ಹೇಳಿ

ಧನಕವಡಿ ರಾವ್, ಬುಧವಾರ ರಾತ್ರಿ 9:12

ತಲೆ ಕೆಟ್ಟು ಹೋಗಿದೆ. ಇವತ್ತು ಬುಧವಾರ, ನಾನು ತಿಂಗಳು ತಿಂಗಳು ಜಿಂಕೆ ಎಣಿಸುವ ಪುಣೆಯ ಕಾತ್ರಜ್ ಝೂಗೆ ರಜೆ. ಇನ್ನೊಮ್ಮೆ ಹೋಗಿ ಎಣಿಸೋಣ ಅಂದ್ರೆ ಅದೂ ಇಲ್ಲ. ಬೆಳಗ್ಗೆಯಿಂದ ಮೂರು ಸಲ ಲೆಕ್ಕ ನೋಡಿದೆ. ಮೂರು ಸಲವೂ ಅದೇ ಉತ್ತರ. ಜೂನ್‌ನಲ್ಲಿ ಜಿಂಕೆ 13. ಜುಲೈನಲ್ಲಿ 4. ಆಗಸ್ಟ್‌ನಲ್ಲಿ 14. ಒಂಬತ್ತು ಹೆಣ್ಣುಗಳು ಆಷಾಢಕ್ಕೆ ತವರಿಗೆ ಹೋಗಿ, ಶ್ರಾವಣಕ್ಕೆ ವಾಪಸ್ ಬಂದ ಹಾಗಿದೆ.

ಜುಲೈನಲ್ಲಿ ಅವು ಅಲ್ಲೇ ಇದ್ದವು. ನಾನೇ ನೋಡಿದ್ದೇನೆ. ಎಡಗಿವಿಯ ತುದಿ ಬಸ್ ಟಿಕೆಟ್ ಹರಿದಂತೆ ಹರಿದಿದೆಯಲ್ಲ, ಆ ಗೌರಿ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದಳು. ಕುಂಟುವ ಸುಬ್ಬಿಯೂ ಇದ್ದಳು. ಕಣ್ಣಿಗೆ ಕಂಡವರು ಪಟ್ಟಿಯಲ್ಲಿ ಇಲ್ಲ ಅಂದ್ರೆ ಹೇಗೆ? 31 ವರ್ಷ ಬ್ಯಾಂಕಲ್ಲಿ ಲೆಡ್ಜರ್ ಬರೆದವನು ನಾನು. ನನಗೇ ಈ ಗತಿ.

ರಾಣಿಬಾಗ್ ಶೆಟ್ಟಿ, ರಾತ್ರಿ 9:30

ರಾವ್ ಸಾಹೇಬ್ರೇ, ಇದು ಮಾರ್ಚ್ 31ರ ಕಿತಾಪತಿ. ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಎಲ್ಲ ಝೂಗಳೂ ವರ್ಷದ ಪಟ್ಟಿ ಕೊಡಬೇಕು. ಏಪ್ರಿಲ್ 1ಕ್ಕೆ ಇದ್ದದ್ದು, ಹುಟ್ಟಿದ್ದು, ಬಂದದ್ದು, ಸತ್ತದ್ದು, ಬೇರೆ ಕಡೆ ಕಳಿಸಿದ್ದು, ಕೊನೆಗೆ ಮಾರ್ಚ್ 31ಕ್ಕೆ ಉಳಿದದ್ದು. ನೀವು ಅವರ ಕ್ಲೋಸಿಂಗ್ ತಂದು ನಿಮ್ಮ ಜುಲೈಗೆ ಸೇರಿಸಿದ್ದೀರಿ. ಹೊಸಬರೆಲ್ಲ ಇಲ್ಲೇ ಎಡವುವುದು.

ಧನಕವಡಿ ರಾವ್, ರಾತ್ರಿ 9:41

ನಾನು ಹೊಸಬನಲ್ಲ. ಅವರ ಪಟ್ಟಿಯನ್ನು ಮುಟ್ಟಿಯೂ ಇಲ್ಲ. ಬೇಲಿಯ ಪಕ್ಕ ಕಾಣುವ ಒಂದು ಗುಂಪನ್ನು ಮಾತ್ರ ಎಣಿಸುತ್ತೇನೆ. ಎಲ್ಲರ ಹಾಗೆ ಚುಕ್ಕಿ ಇಟ್ಟು ಬರೆಯುತ್ತೇನೆ. ಮೊದಲು ಗಂಡು, ಆಮೇಲೆ ಹೆಣ್ಣು, ಗೊತ್ತಾಗದ ಮರಿ ಕೊನೆಗೆ. ಅಷ್ಟೇ.

ಡೊಂಬಿವ್ಲಿ ವೀಣಾ, ರಾತ್ರಿ 9:55

ಅಂಕಲ್, ಗಂಡು ಯಾವುದು ಹೆಣ್ಣು ಯಾವುದು ಅಂತ ಕೊಂಬು ನೋಡಿ ಹೇಳ್ತೀರಾ? ಜಿಂಕೆಗೆ ವರ್ಷಕ್ಕೊಮ್ಮೆ ಕೊಂಬು ಉದುರುತ್ತೆ. ಉದುರಿದ ಗಂಡು ದೂರದಿಂದ ಹೆಣ್ಣಿನ ಹಾಗೇ ಕಾಣುತ್ತೆ. ನಾನೂ ಒಮ್ಮೆ ಹಾಗೆ ಮೋಸ ಹೋಗಿದ್ದೆ. ಮೈಮೇಲಿನ ಚುಕ್ಕೆ ಫೋಟೋ ತೆಗೆದು ಹೋಲಿಸಿ. ಒಂದರ ಚುಕ್ಕೆ ಇನ್ನೊಂದಕ್ಕೆ ಇರಲ್ಲ.

ಧನಕವಡಿ ರಾವ್, ರಾತ್ರಿ 10:02

ಯಾವ ಚುಕ್ಕೆ? ಇವಕ್ಕೆ ಚುಕ್ಕೆ ಎಲ್ಲಿದೆ? ಬೋರ್ಡಿನ ಮೇಲೆ ಕಾಳವೀಟ್ ಅಂತ ಬರೆದಿದ್ದಾರೆ.

ಡೊಂಬಿವ್ಲಿ ವೀಣಾ, ರಾತ್ರಿ 10:04

ಅಯ್ಯೋ, ಕೃಷ್ಣಮೃಗವಾ! ಮೊದಲೇ ಹೇಳಬಾರದಾ? ಅದಕ್ಕೆ ಕೊಂಬು ಉದುರಲ್ಲ. ನಾನು ಹೇಳಿದ್ದನ್ನೆಲ್ಲ ಬಿಟ್ಟುಬಿಡಿ.

ಮಾಪ್ಸಾ ಬಸು, ರಾತ್ರಿ 10:11

ಅದು ಜಿಂಕೆ ಅಲ್ಲರೀ ರಾಯರೇ. ಚಿಗರಿ. ನಮ್ಮ ಹಾವೇರಿ ಕಡೆ ಸಣ್ಣ ಹುಡುಗರಿಗೂ ಗೊತ್ತು. ರಾಣೆಬೆನ್ನೂರಿನಲ್ಲಿ 1974ರಿಂದ ಅವಕ್ಕೇ ಅಂತ ಅಭಯಾರಣ್ಯ ಇದೆ. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿಗೂ ಚಿಗರಿ ಅಂತಲೇ ಹೆಸರು. ನೀವು ಜಿಂಕೆ ಅಂದಿದ್ದಕ್ಕೇ ವೀಣಾ ಅಕ್ಕ ದಾರಿ ತಪ್ಪಿದ್ದು.

ಒಂಟಿಕೊಪ್ಪಲ್ ಹುಡುಗ, ರಾತ್ರಿ 10:15

ನಮ್ಮ ಕಡೆ ಹುಲ್ಲೆ ಅಂತೀವಿ.

ಮಾಪ್ಸಾ ಬಸು, ರಾತ್ರಿ 10:16

ಮೈಸೂರಿನವರು ಪುಸ್ತಕ ನೋಡಿ ಹೆಸರು ಇಡ್ತೀರಿ. ನಾವು ಹೊಲದಲ್ಲಿ ನೋಡಿ ಇಟ್ಟಿದ್ದೀವಿ.

ರಾಣಿಬಾಗ್ ಶೆಟ್ಟಿ, ರಾತ್ರಿ 10:20

ಹೆಸರು ಏನಾದರೂ ಇರಲಿ, ಮಾರ್ಚ್ 31 ಒಮ್ಮೆ ನೋಡಿ. ನಾನು ಸುಮ್ನೆ ಹೇಳ್ತಿಲ್ಲ. 2016ರಲ್ಲಿ ಸಿಯೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್ ಬಂದಾಗಿನಿಂದ ಮುಂಬೈನ ರಾಣಿಬಾಗ್ ಝೂನಲ್ಲಿ ನನ್ನ ಡೈರಿ ನಡೆದಿದೆ. ಆ ವರ್ಷವೇ ಒಂದು ಸತ್ತಿತು. 2018ರ ಆಗಸ್ಟ್ 15ಕ್ಕೆ ಮೊದಲ ಮರಿ ಮೊಟ್ಟೆಯೊಡೆದು ಬಂತು, ಪಾಪ, ಒಂದು ವಾರ ಬದುಕಿತು ಅಷ್ಟೇ. ಪ್ರತಿ ಹಕ್ಕಿಗೂ ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆ ಬೇರೆ ಬೇರೆ. ಅದನ್ನೇ ನೋಡಿ ಗುರುತಿಡುವುದು. ವರ್ಷಕ್ಕೊಮ್ಮೆ ಪುಕ್ಕ ಪೂರ್ತಿ ಉದುರುವಾಗ ನೀರಿಗೇ ಇಳಿಯಲ್ಲ, ಹರಿದ ಹಾಸಿಗೆಯ ಹಾಗೆ ಒಂದು ಮೂಲೆಯಲ್ಲಿ ನಿಂತಿರುತ್ತೆ. ಆಗ ಫೋಟೋ ಸುಲಭ. 70-300 ಲೆನ್ಸ್, ಮುಂದೆ ರಬ್ಬರ್ ಹುಡ್, ಅದನ್ನು ಗಾಜಿಗೆ ಒತ್ತಿ ಹಿಡಿದ್ರೆ ಪ್ರತಿಬಿಂಬ ಬರಲ್ಲ. ಹುಡ್ ಸಿಗದೆ ಇದ್ದಾಗ ಮನೆಯವಳ ಕಪ್ಪು ದುಪಟ್ಟಾ ಸುತ್ತಿದ್ದೆ. ಫೋಟೋ ಚೆನ್ನಾಗಿ ಬಂತು, ಬೈಗುಳವೂ ಬಂತು.

ಧನಕವಡಿ ರಾವ್, ರಾತ್ರಿ 10:26

ಶೆಟ್ರೇ, ನನ್ನ ಒಂಬತ್ತು ಹೆಣ್ಣು?

ಮಾಪ್ಸಾ ಬಸು, ರಾತ್ರಿ 10:31

ಮರಿ ಇತ್ತಾ? ಚಿಗರಿ ಈದ ಮೇಲೆ ಮರಿಯನ್ನು ಹುಲ್ಲಿನಲ್ಲಿ ಬಚ್ಚಿಡುತ್ತದೆ. ತಾಯಂದಿರು ಬೇರೆ ಕಡೆ ಮೇಯುತ್ತಿದ್ದಿರಬೇಕು.

ಧನಕವಡಿ ರಾವ್, ರಾತ್ರಿ 10:37

ಒಂದೇ ಮರಿ. ಒಂದು ಮರಿಗೆ ಒಂಬತ್ತು ತಾಯಂದಿರಾ? ಅದೂ ಅಲ್ಲದೆ ಜೂನ್‌ನಲ್ಲಿ ಮರಿ ಇದ್ದಾಗ ಲೆಕ್ಕ ಸರಿ ಬಂದಿತ್ತು, 3.9.1. ಜುಲೈನಲ್ಲಿ ಅದು ಹೆಣ್ಣು ಅಂತ ಕೀಪರ್ ಹೇಳಿದರು. ಅದನ್ನು ಹೆಣ್ಣಿನ ಕಡೆ ಸೇರಿಸಿದೆ. ಆ ಕ್ಷಣಕ್ಕೇ ಉಳಿದವರೆಲ್ಲ ಮಾಯ!

ಒಂಟಿಕೊಪ್ಪಲ್ ಹುಡುಗ, ರಾತ್ರಿ 10:44

ಈ ಗುಂಪಿನ ಪ್ರಾಣಿಗಳ ಸಹವಾಸವೇ ಬೇಡ ಅಂಕಲ್. ನಾನೂ ಹಿಂಜೇವಾಡಿಗೆ ಬಂದ ಮೇಲೆ ಒಂದೆರಡು ಸಲ ಕಾತ್ರಜ್‌ಗೆ ಹೋದೆ, ಮನಸ್ಸು ಹತ್ತಲಿಲ್ಲ. ನಮ್ಮ ಮೈಸೂರು ಝೂ 1892ರದ್ದು, ಅದರ ಗತ್ತೇ ಬೇರೆ. ಪೋಲೋ ಅಂತ ಗೊರಿಲ್ಲಾ ಇತ್ತು, ಇಡೀ ದೇಶಕ್ಕೆ ಒಂದೇ. 2014ರಲ್ಲಿ ಹೋಯಿತು. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಬಂದವು. ಎರಡೂ ಗಂಡು. 2.0 ಅಂತ ಬರೆದೆ, ಮುಗೀತು. ಪ್ರತಿ ತಿಂಗಳೂ ಅದೇ, ತಲೆನೋವೇ ಇಲ್ಲ.

ಧನಕವಡಿ ರಾವ್, ರಾತ್ರಿ 10:49

ನಿನಗೆ 2.0 ಅಂತ ಬರೆಯಲು ಬಿಡುತ್ತಾ? ನಾನು ಹಾಗೆ ಬರೆದ್ರೆ ಬರೀ 2 ಅಂತ ಉಳಿಯುತ್ತೆ. ಇರಲಿ, ಅದು ಬೇರೆ ವಿಷಯ.

ಡೊಂಬಿವ್ಲಿ ವೀಣಾ, ರಾತ್ರಿ 10:50

ಅಂಕಲ್, ತಡೀರಿ. ಅದು ಬೇರೆ ವಿಷಯ ಅಲ್ಲ. ನೀವು ಎಲ್ಲಿ ಬರೀತಿದ್ದೀರಿ?

ಧನಕವಡಿ ರಾವ್, ರಾತ್ರಿ 10:53

ಎಲ್ಲಿ ಅಂದ್ರೆ? ಮೊಬೈಲ್‌ನಲ್ಲಿ, ಸ್ಪ್ರೆಡ್‌ಶೀಟಲ್ಲಿ. ಚುಕ್ಕಿ ಆದಮೇಲಿನದ್ದು ಹೆಣ್ಣು ಅಂತ ತೆಗೆದುಕೊಂಡು ಕೂಡಿಸಲು ಅಳಿಯ ಫಾರ್ಮುಲಾ ಹಾಕಿಕೊಟ್ಟಿದ್ದಾನೆ. ಎಲ್ಲರೂ ಹಾಗೇ ಮಾಡೋದಲ್ವಾ?

ರಾಣಿಬಾಗ್ ಶೆಟ್ಟಿ, ರಾತ್ರಿ 10:55

ನಾನು ನೋಟ್‌ಬುಕ್ ಅಂದುಕೊಂಡಿದ್ದೆ!

ಡೊಂಬಿವ್ಲಿ ವೀಣಾ, ರಾತ್ರಿ 10:56

ಸ್ಕ್ರೀನ್‌ಶಾಟ್ ಹಾಕಿ. ಜೂನ್, ಜುಲೈ, ಆಗಸ್ಟ್ ಮೂರೂ ಸಾಲು ಕಾಣಬೇಕು.

ಡೊಂಬಿವ್ಲಿ ವೀಣಾ, ರಾತ್ರಿ 11:08

ಸಿಕ್ಕಿತು. ನಿಮ್ಮ ಸಾಲುಗಳನ್ನು ಒಮ್ಮೆ ಗಮನಿಸಿ. ಜೂನ್‌ನ 3.9.1 ಚೌಕದ ಎಡಗಡೆಗೆ ಅಂಟಿಕೊಂಡಿದೆ. ಜುಲೈ, ಆಗಸ್ಟ್ ಬಲಗಡೆಗೆ ಅಂಟಿವೆ. ಎಡಕ್ಕೆ ಇದ್ದದ್ದನ್ನು ಶೀಟ್ ಬರಹ ಅಂತ ತಿಳಿದಿದೆ. ಬಲಕ್ಕೆ ಹೋದದ್ದನ್ನು ಸಂಖ್ಯೆ ಅಂತ. ಚುಕ್ಕಿ ಎರಡಿದ್ದರೆ ಅದು ಸಂಖ್ಯೆ ಆಗಲ್ಲ, ಹಾಗಾಗಿ ಮರಿ ಇದ್ದ ತಿಂಗಳು ಬಚಾವ್. ಕೆಲವರ ಸೆಟ್ಟಿಂಗಿನಲ್ಲಿ ಅದನ್ನು ತಾರೀಖು ಮಾಡಿಬಿಡುತ್ತೆ, ನಿಮ್ಮ ಪುಣ್ಯ, ಹಾಗಾಗಿಲ್ಲ. ಜುಲೈನಲ್ಲಿ ನೀವು 3.10 ಅಂತ ಹಾಕಿದ್ರಿ. ಶೀಟಿಗೆ ಅದು ದಶಮಾಂಶ. ಕೊನೆಯ ಸೊನ್ನೆಗೆ ಬೆಲೆ ಇಲ್ಲ ಅಂತ ಕಿತ್ತುಹಾಕಿತು. ಉಳಿದದ್ದು 3.1. ಮೂರು ಗಂಡು, ಒಂದು ಹೆಣ್ಣು, ಒಟ್ಟು ನಾಲ್ಕು. ಆಗಸ್ಟ್‌ನಲ್ಲಿ 3.11, ಕೊನೆಯಲ್ಲಿ ಸೊನ್ನೆ ಇಲ್ಲ, ಎಲ್ಲರೂ ವಾಪಸ್. ಹೆಣ್ಣು 10, 20, 30 ಆದಾಗಲೆಲ್ಲ ಇದೇ ಕತೆ.

ರಾಣಿಬಾಗ್ ಶೆಟ್ಟಿ, ರಾತ್ರಿ 11:11

31 ವರ್ಷ ಬ್ಯಾಂಕ್! ಮೂರು ರೂಪಾಯಿ ಹತ್ತು ಪೈಸೆ!

ಧನಕವಡಿ ರಾವ್, ರಾತ್ರಿ 11:15

ಬ್ಯಾಂಕಲ್ಲಿ ಹತ್ತು ಪೈಸೆಯನ್ನು ಹತ್ತು ಪೈಸೆ ಅಂತಲೇ ಬರೆಯುತ್ತೇವೆ ಶೆಟ್ರೇ, ಸೊನ್ನೆ ತಿನ್ನಲ್ಲ. ವೀಣಾ, ನಿನ್ನ ಹೊಟ್ಟೆ ತಣ್ಣಗಿರಲಿ. ಈಗ ಏನು ಮಾಡಲಿ?

ಡೊಂಬಿವ್ಲಿ ವೀಣಾ, ರಾತ್ರಿ 11:22

ಆ ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್‌ಗೆ ಹೋಗಿ ಪ್ಲೇನ್ ಟೆಕ್ಸ್ಟ್ ಮಾಡಿ. ಆಮೇಲೆ ಜುಲೈಯದನ್ನು ಹೊಸದಾಗಿ ಟೈಪ್ ಮಾಡಿ. ಫಾರ್ಮ್ಯಾಟ್ ಬದಲಿಸಿದ ಮಾತ್ರಕ್ಕೆ ಹೋದ ಸೊನ್ನೆ ತಾನಾಗಿ ಬರಲ್ಲ, ಇದು ಮುಖ್ಯ. ಆದರೆ ನನ್ನನ್ನು ಕೇಳಿದರೆ ಚುಕ್ಕಿಯನ್ನೇ ಬಿಡಿ. ಗಂಡಿಗೊಂದು, ಹೆಣ್ಣಿಗೊಂದು, ಗೊತ್ತಾಗದ್ದಕ್ಕೊಂದು ಕಾಲಂ ಮಾಡಿ. ಅಳಿಯನ ಫಾರ್ಮುಲಾ ಬೇಕಾಗೇ ಇಲ್ಲ.

ಧನಕವಡಿ ರಾವ್, ಗುರುವಾರ ಬೆಳಗ್ಗೆ 6:50

ಮೂರು ಕಾಲಂ ಮಾಡಿದೆ. ಜುಲೈ 13 ಬಂತು. ಈಗ ಹೊಸ ತಲೆನೋವು. 2023ರ ಫೆಬ್ರವರಿಯಲ್ಲಿ 2.1 ಅಂತಿದೆ. ಒಂದು ಹೆಣ್ಣೋ ಹತ್ತೋ? ಆಗ ಕಾಗದದ ಡೈರಿಯೂ ಇತ್ತು. ಕೋಥ್ರೂಡ್‌ನಿಂದ ಮನೆ ಬದಲಿಸುವಾಗ ಮನೆಯವಳು ರದ್ದಿಗೆ ಹಾಕಿಬಿಟ್ಟಳು.

ಡೊಂಬಿವ್ಲಿ ವೀಣಾ, ಬೆಳಗ್ಗೆ 8:05

ಆ ತಿಂಗಳ ಫೋಟೋ ಮೊಬೈಲ್‌ನಲ್ಲಿ ಇರಬಹುದು, ನೋಡಿ.

ಧನಕವಡಿ ರಾವ್, ಬೆಳಗ್ಗೆ 9:20

ಒಂದೇ ಒಂದು ಸಿಕ್ಕಿತು. ಏಳು ಹೆಣ್ಣು ಕಾಣುತ್ತವೆ. ಮರದ ಹಿಂದೆ ಇನ್ನೊಂದರ ಹಿಂಭಾಗ ಮಾತ್ರ. ಗೌರಿಯ ಕಿವಿ ಆಗಿನ್ನೂ ಹರಿದಿರಲಿಲ್ಲ.

ಒಂಟಿಕೊಪ್ಪಲ್ ಹುಡುಗ, ಬೆಳಗ್ಗೆ 9:24

ಏಳೂವರೆ ಅಂತ ಬರೀರಿ.

ರಾಣಿಬಾಗ್ ಶೆಟ್ಟಿ, ಬೆಳಗ್ಗೆ 9:40

ಫೆಬ್ರವರಿ ಅಂದ್ರೆ ಮಾರ್ಚ್ 31ಕ್ಕೆ ಹತ್ತಿರವೇ ಆಯ್ತು. ಆ ವರ್ಷದ ಕ್ಲೋಸಿಂಗ್ ತೆಗೆದು ನೋಡಿ. ಇಡೀ ಝೂನ ಲೆಕ್ಕ ನಿಜ, ಆದರೂ ಒಂದು ಅಂದಾಜು ಸಿಗುತ್ತೆ.

ಧನಕವಡಿ ರಾವ್, ಬೆಳಗ್ಗೆ 9:52

ಈ ಸಲ ಕೇಳುತ್ತೇನೆ ಶೆಟ್ರೇ.

ಮಾಪ್ಸಾ ಬಸು, ಬೆಳಗ್ಗೆ 10:30

ಸಿಕ್ಕಿದ್ರೆ ಜಿಂಕೆ ಅಂತ ಇರುವ ಸಾಲು ನೋಡಬೇಡಿ ರಾಯರೇ.