ಡೆಕ್ಸಾಮೆಥಾಸೋನ್ ಹಾಕಿದರೂ ಎಫ್‌ಕೆಬಿಪಿ5 ಏಕೆ ಏರುತ್ತಿಲ್ಲ?

ಪ್ರಶ್ನೆ
ಎ549 ಕೋಶಗಳಿಗೆ (ಮನುಷ್ಯರ ಶ್ವಾಸಕೋಶದ ಕ್ಯಾನ್ಸರ್ ಕೋಶ) 100 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್ (ಕೃತಕ ಗ್ಲುಕೋಕಾರ್ಟಿಕಾಯ್ಡ್ ಹಾರ್ಮೋನ್) ಹಾಕಿ, 4 ಗಂಟೆ ಬಿಟ್ಟು ಆರ್‌ಎನ್‌ಎ ತೆಗೆದಿದ್ದೇನೆ. ಕ್ಯೂಪಿಸಿಆರ್‌ನಲ್ಲಿ (ಆರ್‌ಎನ್‌ಎ ಪ್ರಮಾಣ ಅಳೆಯುವ ವಿಧಾನ), ಈ ಹಾರ್ಮೋನ್ ಎಬ್ಬಿಸಬೇಕಾದ ಎಫ್‌ಕೆಬಿಪಿ5 ಜೀನ್ ಏರಿದ್ದು ಒಂದೂವರೆ ಪಟ್ಟು ಮಾತ್ರ. ಮೀಡಿಯಾದಲ್ಲಿ 10% ಮಾಮೂಲಿ ಎಫ್‌ಬಿಎಸ್ (ಕರುವಿನ ಭ್ರೂಣದ ರಕ್ತದ ಸೀರಮ್) ಇದೆ. ಡೋಸ್ ಹೆಚ್ಚಿಸಬೇಕೇ? ಇನ್ನೊಂದು ಗೊಂದಲ: ಈ ಜೀನಿನ ಪ್ರೊಮೋಟರ್‌ನಲ್ಲಿ (ಜೀನ್ ಓದುವಿಕೆ ಶುರುವಾಗುವ ಜಾಗ) ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ (ಹಾರ್ಮೋನನ್ನು ಹಿಡಿದು ಜೀನ್ ಎಬ್ಬಿಸುವ ಪ್ರೋಟೀನ್) ಕೂರುವ ಜಾಗವೇ ಸಿಗುತ್ತಿಲ್ಲ.

ಉತ್ತರ 1
ಡೋಸ್ ಮುಟ್ಟಬೇಡಿ. ಕೆಲವೇ ನ್ಯಾನೋಮೋಲಾರ್‌ನಲ್ಲಿ ಅರ್ಧದಷ್ಟು ರಿಸೆಪ್ಟರ್ ತುಂಬಿಬಿಡುತ್ತದೆ, 100 ಧಾರಾಳವಾಯಿತು. ನನ್ನ ಅನುಮಾನ ಸೀರಮ್ ಮೇಲೆ. ಹಾರ್ಮೋನ್ ಇಲ್ಲದಾಗ ಈ ರಿಸೆಪ್ಟರನ್ನು ಎಚ್‌ಎಸ್‌ಪಿ90 ಎಂಬ ಪ್ರೋಟೀನ್ ಕೋಶರಸದಲ್ಲೇ ಹಿಡಿದಿಟ್ಟಿರುತ್ತದೆ. ಎಫ್‌ಬಿಎಸ್‌ನಲ್ಲಿ ಇದೇ ರಿಸೆಪ್ಟರ್‌ಗೆ ಅಂಟುವ ಕಾರ್ಟಿಸಾಲ್ ಹಾರ್ಮೋನ್ ಇರುವುದರಿಂದ ನಿಮ್ಮ ಕಂಟ್ರೋಲ್ ಪ್ಲೇಟಿನಲ್ಲೂ ಒಂದಷ್ಟು ರಿಸೆಪ್ಟರ್ ಆಗಲೇ ಕೋಶಕೇಂದ್ರ ಸೇರಿ ಕೆಲಸ ಶುರುಮಾಡಿದೆ. ಛೇದವೇ ದೊಡ್ಡದಾದರೆ ಪಟ್ಟು ಕುಗ್ಗದೆ ಇನ್ನೇನು?

ಚಾರ್‌ಕೋಲ್-ಡೆಕ್ಸ್‌ಟ್ರಾನ್‌ನಿಂದ ಹಾರ್ಮೋನ್ ತೆಗೆದು ಶುದ್ಧಿಮಾಡಿದ ಸೀರಮ್‌ನಲ್ಲಿ 24 ಗಂಟೆ ಇಟ್ಟು ಆಮೇಲೆ ಡೆಕ್ಸ್ ಹಾಕಿ. ಡೆಕ್ಸ್ ಕರಗಿಸಿದ ಎಥನಾಲ್ 0.1% ದಾಟದಿರಲಿ, ಕಂಟ್ರೋಲ್‌ಗೂ ಅಷ್ಟೇ ಎಥನಾಲ್ ಹಾಕಿ. ಪಟ್ಟು ಲೆಕ್ಕಕ್ಕೆ ಮೊದಲು ಎರಡೂ ಸೀರಮ್‌ನ ಕಂಟ್ರೋಲ್ ಸಿಟಿ (ಕ್ಯೂಪಿಸಿಆರ್‌ನ ಸುತ್ತಿನ ಎಣಿಕೆ; ಒಂದು ಕಡಿಮೆಯಾದರೆ ಆರ್‌ಎನ್‌ಎ ಸುಮಾರು ಎರಡು ಪಟ್ಟು) ಹೋಲಿಸಿ. ಹೋಲಿಕೆಗಿಟ್ಟ ರೆಫರೆನ್ಸ್ ಜೀನ್ ಅಲ್ಲಾಡದೆ, ಶುದ್ಧ ಸೀರಮ್‌ನಲ್ಲಿ 27 ಇದ್ದದ್ದು ಮಾಮೂಲಿಯಲ್ಲಿ 25 ಬಂದರೆ, ಹಾರ್ಮೋನ್ ಹಾಕುವ ಮುಂಚೆಯೇ ಸುಮಾರು ನಾಲ್ಕು ಪಟ್ಟು ಏರಿದೆ ಎಂದರ್ಥ.

ಉತ್ತರ 2
ಪ್ರೊಮೋಟರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಎಫ್‌ಕೆಬಿಪಿ5ರಲ್ಲಿ ಮುಖ್ಯ ಜಾಗಗಳು ಇಂಟ್ರಾನ್‌ಗಳ (ಜೀನಿನೊಳಗೆ ಪ್ರೋಟೀನ್‌ಗೆ ಬಳಕೆಯಾಗದ ಭಾಗ) ಒಳಗಿವೆ. ಡಿಎನ್‌ಎ ಬಾಗಿ, ದೂರದ ಎನ್‌ಹಾನ್ಸರ್ (ಜೀನನ್ನು ಚುರುಕುಗೊಳಿಸುವ ಇಂಥ ಜಾಗ) ಪ್ರೊಮೋಟರ್‌ನ ಪಕ್ಕಕ್ಕೆ ಬರುತ್ತದೆ. ರಿಸೆಪ್ಟರ್ ಕೂರುವ ಜಾಗದ ಗುರುತು 15 ಡಿಎನ್‌ಎ ಅಕ್ಷರದ್ದು: ಎಜಿಎಎಸಿಎ, ಯಾವುದಾದರೂ ಮೂರು, ಟಿಜಿಟಿಟಿಸಿಟಿ. ಜೋಡಿಯಾಗಿ ಕೂರುವ ರಿಸೆಪ್ಟರ್‌ಗಳಿಗೆ ಆ ಮೂರರ ಅಂತರ ತಪ್ಪಬಾರದು. ಅಕ್ಷರಗಳು ಮಾತ್ರ ಅಲ್ಲಲ್ಲಿ ಬದಲಾಗಿರುತ್ತವೆ, ಹಾಗಾಗಿ ಪೂರ್ತಿ ಹೊಂದಿಕೆಗೆ ಹಟ ಹಿಡಿಯಬೇಡಿ.

ಗುರುತು ಸಿಕ್ಕಿತೆಂದು ರಿಸೆಪ್ಟರ್ ಅಲ್ಲಿ ಕೂತಿದೆ ಎನ್ನಲಾಗದು. ಬಹುಪಾಲು ಅದು ಮೊದಲೇ ತೆರೆದಿರುವ ಕ್ರೊಮ್ಯಾಟಿನ್‌ಗೇ (ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಅಂಟುವುದು. ಒಂದೇ ಹಾರ್ಮೋನ್ ಯಕೃತ್ತಿನಲ್ಲಿ ಒಂದು ಪಟ್ಟಿ, ಶ್ವಾಸಕೋಶದಲ್ಲಿ ಇನ್ನೊಂದು ಪಟ್ಟಿ ಜೀನ್‌ಗಳನ್ನು ಎಬ್ಬಿಸುವುದು ಇದರಿಂದಲೇ. ಖಚಿತಕ್ಕೆ ಚಿಪ್ (ಪ್ರೋಟೀನನ್ನು ಡಿಎನ್‌ಎಗೆ ಅಂಟಿಸಿ, ಪ್ರತಿಕಾಯದಿಂದ ಹೊರತೆಗೆದು, ಅದು ಕೂತ ಜಾಗ ನೋಡುವ ಪರೀಕ್ಷೆ) ಮಾಡಿ: ಡೆಕ್ಸ್ 1 ಗಂಟೆ, 1% ಫಾರ್ಮಾಲ್ಡಿಹೈಡ್ 10 ನಿಮಿಷ, 125 ಮಿಲಿಮೋಲಾರ್ ಗ್ಲೈಸಿನ್‌ನಿಂದ ನಿಲ್ಲಿಸಿ, ಡಿಎನ್‌ಎಯನ್ನು 200–500 ಬೇಸ್ ತುಂಡುಮಾಡಿ. ಫಾರ್ಮಾಲ್ಡಿಹೈಡ್ ಹೆಚ್ಚು ಹೊತ್ತು ಬಿಟ್ಟರೆ ತುಂಡಾಗುವುದಿಲ್ಲ, ಪ್ರತಿಕಾಯಕ್ಕೂ ಜಾಗ ಮುಚ್ಚಿಹೋಗುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದ. ಏರಿಕೆ ನೇರವೋ, ನಡುವೆ ಬೇರೆ ಪ್ರೋಟೀನ್ ಇದೆಯೋ ತಿಳಿಯುವುದು ಹೇಗೆ?

ಉತ್ತರ 3
ಡೆಕ್ಸ್‌ಗೆ ಅರ್ಧ ಗಂಟೆ ಮುಂಚೆ ಪ್ರತಿ ಮಿಲಿಲೀಟರ್‌ಗೆ 10 ಮೈಕ್ರೋಗ್ರಾಮ್ ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿ. ಆಗಲೂ ಏರಿದರೆ ನೇರ. ಸೈಕ್ಲೋಹೆಕ್ಸಿಮೈಡ್ ಒಂದನ್ನೇ ಹಾಕಿದ ಪ್ಲೇಟ್ ಬಿಡಬೇಡಿ, ಅದು ಕೆಲವು ಎಂಆರ್‌ಎನ್‌ಎಗಳ ಆಯಸ್ಸನ್ನೂ ಹೆಚ್ಚಿಸುತ್ತದೆ. ರಿಸೆಪ್ಟರ್‌ನದೇ ಕೆಲಸವೆಂದು ತೋರಿಸಲು ರಿಸೆಪ್ಟರನ್ನು ತಡೆಯುವ ಮಿಫೆಪ್ರಿಸ್ಟೋನ್ 1 ಮೈಕ್ರೋಮೋಲಾರ್ ಜೊತೆಗಿನ ಪ್ಲೇಟ್ ಒಂದಿರಲಿ.

ಸಮಯವನ್ನೂ 1, 2, 4, 8 ಗಂಟೆ ಎಂದು ಹಂಚಿಕೊಳ್ಳಿ. ಎಫ್‌ಕೆಬಿಪಿ5ರಿಂದ ಬರುವ ಪ್ರೋಟೀನ್ ಅದೇ ಎಚ್‌ಎಸ್‌ಪಿ90 ಗುಂಪಿಗೆ ಸೇರಿ ರಿಸೆಪ್ಟರ್ ಹಾರ್ಮೋನನ್ನು ಹಿಡಿಯುವ ಬಿಗಿಯನ್ನು ಸಡಿಲಿಸುತ್ತದೆ. ತಡವಾಗಿ ಅಳೆದರೆ ಈ ಲಗಾಮೂ ನಿಮ್ಮ ಅಂಕಿಯೊಳಗೆ ಸೇರಿಕೊಂಡಿರುತ್ತದೆ.